ಸ್ವಿಚ್ಚಿಗೆ ಉಡಿ ತುಂಬಿದ್ದು

ಅಮ್ಮಿನಬಾವಿಯ ಹೊಳೆಯಪ್ಪನ ಮಗಳು ದ್ರಾಕ್ಷಾಯಿಣಿಗೆ ಒಂದು ಚಟವಿತ್ತು. ಕೈಗೆ ಸಿಕ್ಕ ಹಾಳೆಯನ್ನು ಕಡೆಯ ಸಾಲಿನವರೆಗೆ ಓದುವುದು. ಮಿರ್ಚಿ ಕಟ್ಟಿಕೊಟ್ಟ ಪೇಪರಿನ ತುಂಡನ್ನು ಎಣ್ಣೆ ಒರೆಸಿ ಓದುವಳು. ಅಷ್ಟರಲ್ಲಿ ಮಿರ್ಚಿ ಆರಿದ್ದರೆ ಆರಲಿ. ಲಗ್ನಪತ್ರಿಕೆ ಬಂದರೆ ವಧು ಯಾರು, ವರ ಯಾರು ಎಂದು ಮನೆಯವರು ನೋಡುತ್ತಿರುವಾಗ ಇವಳು ಆಗಲೇ ಅಡಿಗೆ ಇಳಿದು, ಇರುವೆಯ ಸಾಲಿನಂತೆ ಅಚ್ಚಾದ ಪ್ರಿಂಟಿಂಗ್ ಪ್ರೆಸ್ಸಿನ ಹೆಸರಿನಲ್ಲಿ ತಪ್ಪು ಹುಡುಕುತ್ತಿದ್ದಳು.

ಈ ಚಟ ಹತ್ತಿಸಿದವರು ಧಾರವಾಡದಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದ ಬಡೇಸಾಬ ಮಾಸ್ತರರು. 1994ರಲ್ಲಿ ಪಿಯುಸಿ ಮುಗಿಸಿದ ದ್ರಾಕ್ಷಾಯಿಣಿ ದಿನಾ ಬೆಳಗಿನ ಮೊದಲ ಬಸ್ಸಿಗೆ ಅವರಲ್ಲಿ ಕಲಿಯಲು ಬರುತ್ತಿದ್ದಳು. ಮಾಸ್ತರರು ಟೈಪು ಮಾಡಲು ಕೊಡುವ ಹಾಳೆಯ ಕಡೆಯ ಸಾಲಿನಲ್ಲಿ ಬೇಕೆಂದೇ ಒಂದು ತಪ್ಪನ್ನು ಹುದುಗಿಸಿಡುತ್ತಿದ್ದರು. ಅದನ್ನು ಹಿಡಿಯದೆ ಹಾಗೇ ಹೊಡೆದವರಿಗೆ ಒಂದೇ ಶಿಕ್ಷೆ.

"ಕಡೀ ಸಾಲು ನೋಡ್ಲಿಲ್ಲೇನು? ಹಂಗಾದ್ರ ಮೊದಲ್ನೇ ಸಾಲಿಂದ ಸುರು ಮಾಡು."

ಕನ್ನಡ ಸಾಲೆಯಲ್ಲಿ ಓದಿದ ಹುಡುಗಿ. ಮೊದಲು ಬೆರಳುಗಳು ಇಂಗ್ಲಿಷ್ ಕಲಿತವು. ತಲೆ ಎರಡು ವರ್ಷ ತಡವಾಗಿ ಹಿಂದೆ ಬಂತು. ತಲೆ ಬಂದು ಮುಟ್ಟುವ ಹೊತ್ತಿಗೆ ಅವಳಿಗೆ ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಪಂಪುಗಳಿಗೆ ಬೇಕಾದ ವಾಲ್ವು ಮಾಡುವ ಕಾರ್ಖಾನೆ. ಅವಳದು ಗೇಟ್ ಪಾಸ್ ಟೈಪು ಮಾಡುವ ಕೆಲಸ. ಬಾಗಿಲಿನ ಪಕ್ಕದ ಗೂಡಿನಂಥ ಕೋಣೆಯಲ್ಲಿ ಕುಳಿತು ಹೊರಗೆ ಹೋಗುವ ಪ್ರತಿ ಲಾರಿಗೂ ಒಂದೊಂದು ಚೀಟಿ ಹೊಡೆಯಬೇಕು. ಎಲ್ಲರನ್ನೂ ಹೊರಗೆ ಕಳಿಸುವ ಚೀಟಿ ಅವಳ ಕೈಯಲ್ಲಿ. ಅವಳು ಮಾತ್ರ ಗೂಡಿನಲ್ಲೇ.

1998ರಲ್ಲಿ ಕಾರ್ಖಾನೆಗೆ ಕಂಪ್ಯೂಟರ್ ಬಂದವು. ಅವುಗಳ ಜೊತೆ ಹಬ್ ಎಂಬ ಚಪ್ಪಟೆ ಡಬ್ಬಿಯೂ ಬಂತು. ಇಂಗ್ಲಿಷ್ ಅಕ್ಷರಗಳನ್ನು ನೋಡದೆ ಒತ್ತಬಲ್ಲವಳು ಇವಳೊಬ್ಬಳೇ ಆದ್ದರಿಂದ ಕಂಪ್ಯೂಟರ್ ಕೋಣೆಯ ಕೀಲಿ ಇವಳ ಸೊಂಟಕ್ಕೆ ಬಂತು. ಹಬ್ ಎಂದರೆ ಊರಲ್ಲಿ ಡಂಗುರ ಸಾರುವವನಿದ್ದಂತೆ. ಸ್ಟೋರಿನವರು ಲೆಕ್ಕ ವಿಭಾಗಕ್ಕೊಂದು ಮಾತು ಹೇಳಿದರೆ ಅದನ್ನು ಇಡೀ ಕಾರ್ಖಾನೆಗೆ ಕೂಗುತ್ತಿತ್ತು. ಆಮೇಲೆ ಬಂದ ಸ್ವಿಚ್ಚುಗಳು ಪೋಸ್ಟ್‌ಮನ್ ಜಾತಿಯವು; ಯಾರ ಪತ್ರವೋ ಅವರ ಮನೆಗೆ ಮಾತ್ರ. ಅವಳ ಅಪ್ಪ ಹೊಳೆಯಪ್ಪನಿಗೆ ಸ್ವಿಚ್ ಎಂದರೆ ಗೋಡೆಯ ಮೇಲಿನ ದೀಪದ ಗುಂಡಿ. "ಒಂದು ಸ್ವಿಚ್ ಒತ್ತಾಕ ಇಷ್ಟ್ ದಪ್ಪ ಪುಸ್ತಕ ಯಾಕ ಓದತಿ?" ಎಂದು ಅವನು ಕೇಳಿದರೆ, ಅವಳು ಹೇಳುತ್ತಿದ್ದಳು: "ಇದು 802ನೇ ಸ್ಟ್ಯಾಂಡರ್ಡಿಂದು ಯಪ್ಪಾ."

ಹೊಳೆಯಪ್ಪ ಬೆಚ್ಚಿದ. "ನಾನು ಮೂರನೇತ್ತಾಗ ಬಿಟ್ಟಿದ್ದ ಛಲೋ ಆತು."

ಆ ದಪ್ಪ ಪುಸ್ತಕಗಳ ಕೊನೆಯಲ್ಲಿ, ಯಾರೂ ಹೋಗದ ಓಣಿಯಂತೆ, ಒಂದು ಹಾಳೆ ಇರುತ್ತಿತ್ತು: ಈ ಯಂತ್ರ ಏನೇನು ಮಾಡಬಲ್ಲದು, ಯಾವ ಯಾವ ಸ್ಟ್ಯಾಂಡರ್ಡಿಗೆ ಬದ್ಧ ಎಂಬ ಪಟ್ಟಿ. ದ್ರಾಕ್ಷಾಯಿಣಿ ಅದನ್ನು ಇನ್ನೂರು ಪುಟದ ನೋಟ್‌ಬುಕ್ಕಿಗೆ ಇಳಿಸಿ, ಪಕ್ಕದಲ್ಲಿ ತನ್ನ ಕನ್ನಡದಲ್ಲಿ ಅರ್ಥ ಬರೆದಿಟ್ಟಿದ್ದಳು. 802.1ಕ್ಯೂ: ಒಂದೇ ತಂತಿಯೊಳಗ ಆಫೀಸಿನವರಿಗೆ ಬ್ಯಾರೆ, ಮಶೀನಿನವರಿಗೆ ಬ್ಯಾರೆ ಅಡಗಿಮನಿ. 802.1ಪಿ: ಊಟಕ್ಕ ಹಿರ್ಯಾರು ಮೊದಲು. 802.3ಎಕ್ಸ್: ಬಾಯಿ ತುಂಬಿದಾಗ "ತಡೀರಿ" ಅನ್ನೂ ಸನ್ನಿ. 802.3ಎಡಿ: ಎರಡು ತಂತಿ ಕೂಡಿ ಒಂದು ಜೋಡೆತ್ತು. 802.1ಡಿ, ಅಂದರೆ ಸ್ಪ್ಯಾನಿಂಗ್ ಟ್ರೀ: ದಾರಿ ತಿರುಗಿ ಅಲ್ಲಿಗೇ ಬಂದು ಸೇರಿದ್ರ ಒಂದು ಕಡಿ ಬೇಲಿ ಹಾಕೂದು.

2005ರಲ್ಲಿ ಕಾರ್ಖಾನೆ ದೊಡ್ಡ ಮನಸ್ಸು ಮಾಡಿ ಒಂದು ಸರ್ವರ್ ಪೆಟ್ಟಿಗೆ ತರಿಸಿತು. ಒಂದೇ ಪೆಟ್ಟಿಗೆಯಲ್ಲಿ ಆರು ಸರ್ವರ್, ಬೆನ್ನಿನಲ್ಲಿ ಒಂದು ಖಾಲಿ ಗೂಡು. ಆ ಗೂಡಿನೊಳಗೆ ಸ್ವಿಚ್ ಮಾಡ್ಯೂಲನ್ನು ಡ್ರಾಯರಿನಂತೆ ಸರಿಸಿ ಕೂರಿಸಬೇಕು. ಮಾಡ್ಯೂಲು ಮಾಡುವ ಕಂಪನಿಗಳು ಎರಡು ಮೂರಿದ್ದವು. ಹುಬ್ಬಳ್ಳಿಯ ಹೆಡ್ ಆಫೀಸಿನ ಕಂಪ್ಯೂಟರ್ ಎಂಜಿನಿಯರ್ ಶಶಿಕುಮಾರ ಹೆಚ್ಚು ಹೆಸರು ಮಾಡಿದ್ದನ್ನು ತರಿಸೋಣವೆಂದ. ದ್ರಾಕ್ಷಾಯಿಣಿ ಮೂರೂ ಮಾಡ್ಯೂಲುಗಳ ಪಟ್ಟಿಯನ್ನು ಕಾರ್ಖಾನೆಯ ಹಳೆಯ ಸ್ವಿಚ್ಚುಗಳ ಪಟ್ಟಿಯ ಪಕ್ಕ ಇಟ್ಟುಕೊಂಡು, ಜಾತಕ ಕೂಡಿಸುವವರಂತೆ ಬೆರಳು ಮಡಚಿ ನೋಡಿದಳು.

"ಇದು ಹೆಸರಿಲ್ಲದ ಮನೆತನದ್ದು ಖರೇ," ಎಂದು ಕಾರ್ಖಾನೆಯ ಮ್ಯಾನೇಜರ್ ಗೌಸಮೊದ್ದೀನ ಸಾಹೇಬರಿಗೆ ಹೇಳಿದಳು, "ಆದ್ರ ನಮ್ಮ ಹಳೀ ಸ್ವಿಚ್ಚಿನ ಕೂಡ ಎಲ್ಲಾ ಗುಣ ಕೂಡತಾವ್ರಿ. ಆ ದೊಡ್ಡ ಮನೆತನದ್ದಕ್ಕ ಜೋಡೆತ್ತು ಕಟ್ಟಾಕ ಅದರದ ಬ್ಯಾರೆ ಪದ್ಧತಿ ಐತಿ. ನಮ್ಮವುಕ್ಕ ಅದು ತಿಳಿಯಂಗಿಲ್ಲ."

"ಕೂಡತಾವ ಅಂತ ಬರದು ಸಹಿ ಮಾಡಿ ಕೊಡ್ತೀರೇನು?"

"ಟೈಪ್ ಮಾಡೇ ಕೊಡ್ತೀನ್ರಿ."

ಹೀಗೆ ಒಂಬತ್ತು ವರ್ಷದಲ್ಲಿ ಮೊದಲ ಸಲ ಅವಳು ತನ್ನ ಮಾತನ್ನು ತಾನೇ ಟೈಪು ಮಾಡಿ ತಾನೇ ಸಹಿ ಹಾಕಿದಳು. ಮಾಡ್ಯೂಲು ಬಂತು. ಶಶಿಕುಮಾರ ಹುಬ್ಬಳ್ಳಿಯಿಂದ ಬಂದು, ಸೋತ ಮುಖದಲ್ಲೇ ಕೂರಿಸಿದ. ತಂತಿ ಸಿಕ್ಕಿಸಿದ ಮೇಲೆ ಅದು ಕೆಲಸ ಶುರು ಮಾಡಲು ಅರ್ಧ ನಿಮಿಷ ಯೋಚಿಸುತ್ತಿತ್ತು. ದಾರಿ ಎಲ್ಲಾದರೂ ಸುತ್ತಿ ಬಂದಿದೆಯೇ ಎಂದು ನೋಡಿಕೊಂಡೇ ಬಾಗಿಲು ತೆಗೆಯುವ ಸ್ವಭಾವ ಅದಕ್ಕೆ. ಅರ್ಧ ನಿಮಿಷ ಕಾಯುವ ಸ್ವಭಾವ ಶಶಿಕುಮಾರನಿಗೆ ಇರಲಿಲ್ಲ. ಕೀಲಿಮಣೆಯಲ್ಲಿ ಏನೋ ಒತ್ತಿ ಆ ಕಾಟ ತೆಗೆದುಹಾಕಿದ.

"ಏನು ತಗದ್ರಿ ಸರ್?" ದ್ರಾಕ್ಷಾಯಿಣಿ ಕೇಳಿದಳು.

"ಸ್ಪ್ಯಾನಿಂಗ್ ಟ್ರೀ. ಅವೆಲ್ಲಾ ದೊಡ್ಡ ಕಂಪನಿಗೆ ಬೇಕು ಬಾಯಾರ. ನಮಗೆ ಯಾಕ ಗಿಡಾ ಮರಾ?"

ಶಶಿಕುಮಾರ ಕಾನ್ವೆಂಟಿನಲ್ಲಿ ಓದಿದವನು. ಕಾನ್ವೆಂಟಿನಲ್ಲಿ ಓದಿದವರಿಗೆ ಇಂಗ್ಲಿಷ್ ಬರುತ್ತದೆಂಬ ಧೈರ್ಯ, ಆದ್ದರಿಂದ ಓದುವುದಿಲ್ಲ. ದ್ರಾಕ್ಷಾಯಿಣಿಗೆ ಬರುವುದಿಲ್ಲವೆಂಬ ಭಯ. ಆದ್ದರಿಂದ ಎರಡು ಸಲ ಓದಿದ್ದಳು. ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಟ್ಟಳು: ಬೇಲಿ ತಗದಾರ.

ಖಂಡೇನವಮಿ ಬಂತು. ಕಾರ್ಖಾನೆಯ ಲೇಥು, ಡ್ರಿಲ್ಲು, ತಕ್ಕಡಿ, ಲಾರಿ, ಮ್ಯಾನೇಜರರ ಸ್ಕೂಟರು, ಎಲ್ಲಕ್ಕೂ ತೊಳೆದು ಪೂಜೆ. ಕಂಪ್ಯೂಟರ್ ಕೋಣೆಯ ಪೂಜೆ ಶೇವಂತೆವ್ವನ ಪಾಲಿಗೆ. ಶೇವಂತೆವ್ವ ಕಸ ಗುಡಿಸಿ, ಚಹಾ ಕೊಟ್ಟು, ಇಪ್ಪತ್ತು ವರ್ಷದಿಂದ ಕಾರ್ಖಾನೆಯನ್ನು ಸಾಕುತ್ತಿದ್ದವಳು, ಎಲ್ಲರಿಗೂ ಮಾವಶಿ, ಅಂದರೆ ಚಿಕ್ಕಮ್ಮ. ಹಿಂದಿನ ವರ್ಷ ಅವಳು ಕೀಬೋರ್ಡಿನ ಮೇಲೆ ಭಕ್ತಿಯಿಂದ ಅಕ್ಷತೆ ಹಾಕಿದ್ದಳು. ಅಕ್ಷತೆ ಅಕ್ಷರಗಳ ಸಂದಿಗೆ ಇಳಿದು, ಸಂಕ್ರಾಂತಿಯವರೆಗೆ ಲೆಕ್ಕ ವಿಭಾಗದಲ್ಲಿ ಐದು ಒತ್ತಿದರೆ ಐವತ್ತೈದು ಬೀಳುತ್ತಿತ್ತು. ಆದ್ದರಿಂದ ಈ ಸಲ ದ್ರಾಕ್ಷಾಯಿಣಿ ಎಲ್ಲ ಯಂತ್ರ ಬಂದ್ ಮಾಡಿ, ಪೂಜೆಗೆ ಬಿಡುವ ಮೊದಲೇ ತಾಕೀತು ಮಾಡಿದಳು.

"ಮಾವಶಿ, ಈ ತೂತಿನ್ಯಾಗ ಅಕ್ಕಿ ಬ್ಯಾಡ, ಹೂವು ಬ್ಯಾಡ, ನೀರಂತೂ ಬ್ಯಾಡೇ ಬ್ಯಾಡ. ಇದರಾಗ ತಂತಿ ಒಂದ ಹೋಗೂದು. ತಿಳೀತಿಲ್ಲೊ?"

"ತಿಳೀತ್ ತಗೋ ಯವ್ವಾ. ನಾ ಏನು ಸಣ್ಣಕಿ?"

ನವಮಿಯ ಪೂಜೆ ಮುಗಿದು, ದಶಮಿಯ ರಜೆ ಕಳೆದು, ಏಕಾದಶಿಯ ಬೆಳಿಗ್ಗೆ ಕಾರ್ಖಾನೆ ತೆರೆಯಿತು. ಎಲ್ಲರೂ ಒಬ್ಬರಿಗೊಬ್ಬರು ಬನ್ನಿ ಎಲೆ ಕೊಟ್ಟು "ನಾವು ನೀವು ಬಂಗಾರದಂಗ ಇರೂಣು" ಎನ್ನುತ್ತಿದ್ದರು. ದ್ರಾಕ್ಷಾಯಿಣಿ ಯಂತ್ರಗಳನ್ನು ಚಾಲೂ ಮಾಡಿದಳು. ಹತ್ತು ನಿಮಿಷದೊಳಗೆ ಬಂಗಾರವೆಲ್ಲ ತಗಡಾಯಿತು. ಸ್ಟೋರಿನ ಕಂಪ್ಯೂಟರು ಲೆಕ್ಕ ವಿಭಾಗವನ್ನು ಗುರುತಿಸಲಿಲ್ಲ. ಲೆಕ್ಕ ವಿಭಾಗ ಸರ್ವರನ್ನು ಗುರುತಿಸಲಿಲ್ಲ. ಗೇಟ್ ಪಾಸ್ ಪ್ರಿಂಟಾಗಲಿಲ್ಲ. ಮಹಾರಾಷ್ಟ್ರಕ್ಕೆ ಹೊರಟ ಲಾರಿ ಗೇಟಿನಲ್ಲಿ ನಿಂತಿತು. ಮಧ್ಯಾಹ್ನ ಮೂರರೊಳಗೆ ಅದು ಹೊರಡದಿದ್ದರೆ ಆಚೆ ಕಡೆ ಪಂಪಿನ ಕಾರ್ಖಾನೆಯೂ ನಿಲ್ಲುತ್ತಿತ್ತು.

ತಾನು ಬರುವವರೆಗೆ ಯಾರೂ ಏನೂ ಮುಟ್ಟಬಾರದೆಂದು ಫೋನಿನಲ್ಲಿ ತಾಕೀತು ಮಾಡಿ, ಹನ್ನೊಂದಕ್ಕೆ ಹುಬ್ಬಳ್ಳಿಯಿಂದ ಶಶಿಕುಮಾರ ಬಂದ. ಒಂದು ಹೈಫನ್ನಿನಷ್ಟೇ ಅಂತರದ ಅವಳಿ ನಗರ ಎಂದು ಕಾಗದದಲ್ಲಿ ಬರೆಯುತ್ತೇವೆ. ಆ ಹೈಫನ್ ದಾಟಲು ಕಾರಿಗೂ ಒಂದು ತಾಸು ಬೇಕಾಗಿತ್ತು. ಬಂದವನು ಪೆಟ್ಟಿಗೆಯನ್ನು ಆರಿಸಿ ಹಚ್ಚಿದ. ಮತ್ತೆ ಆರಿಸಿ ಹಚ್ಚಿದ. ಪರದೆಯಲ್ಲಿ ಏನೂ ಬರಲಿಲ್ಲ. ಪೆಟ್ಟಿಗೆಯ ಬೆನ್ನು ಗೋಡೆಯ ಕಡೆಗಿತ್ತು. ಆ ಕಡೆ ಹೋಗಲು ಗೋಡೆಗೂ ಕಪಾಟಿಗೂ ನಡುವೆ ತೂರಬೇಕು, ಅಂಗಿ ಮಾಸುತ್ತದೆ. ಹಬ್ಬದ ಹೊಸ ಅಂಗಿ. ಅವನು ತೂರಲಿಲ್ಲ.

"ನಾ ಮೊದಲ ಹೇಳಿದ್ನಲ್ರಿ ಸಾಹೇಬ್ರ," ಎಂದ ಗೌಸಮೊದ್ದೀನರ ಕೋಣೆಯಲ್ಲಿ ಕುಳಿತು. "ಆ ಮಾಡ್ಯೂಲು ನಮ್ಮ ಹಳೇ ಸ್ವಿಚ್ಚಿಗೆ ಹೊಂದೂದಿಲ್ಲ. ವಾಪಸ್ ಕಳಸೂಣು. ಮತ್ತ, ತಪ್ಪು ತಿಳೀಬ್ಯಾಡ್ರಿ, ಕಂಪ್ಯೂಟರ್ ರೂಮಿನ ಕೀಲಿ ಹೆಡ್ ಆಫೀಸಿಗೆ ಕೊಡ್ರಿ. ಬಾಯಾರು ಟೈಪಿಂಗಿಗೆ ಭಾಳ ಛಲೋ ಇದ್ರು."

ಗೌಸಮೊದ್ದೀನ ಸಾಹೇಬರು ಗಡಿಯಾರ ನೋಡಿದರು, ಕಿಟಕಿಯಿಂದ ಲಾರಿ ನೋಡಿದರು, ದ್ರಾಕ್ಷಾಯಿಣಿಯನ್ನು ಮಾತ್ರ ನೋಡಲಿಲ್ಲ. "ಬಾಯಾರ, ಒಂದು ಪತ್ರ ಟೈಪ್ ಮಾಡ್ರಿ. ಅವರು ಹೇಳ್ತಾರು."

ದ್ರಾಕ್ಷಾಯಿಣಿ, ಗೂಡಿನಿಂದ ತಂದು ಸಾಹೇಬರ ಕೋಣೆಯ ಮೂಲೆಯಲ್ಲಿಟ್ಟಿದ್ದ ಹಳೆಯ ಟೈಪ್‌ರೈಟರಿನ ಮೇಲಿಂದ ಹೊದಿಕೆ ತೆಗೆದಳು. ಖಂಡೇನವಮಿಯ ಕುಂಕುಮ ಅದರ ಹಣೆಯ ಮೇಲೆ ಇನ್ನೂ ಇತ್ತು. ಶಶಿಕುಮಾರ ನಿಂತುಕೊಂಡೇ ಹೇಳಿದ. ಅವಳ ಬೆರಳು ಓಡಿದವು. ಮಾನ್ಯರೇ, ತಾವು ಕಳಿಸಿದ ಸ್ವಿಚ್ ಮಾಡ್ಯೂಲು ಹೀಗೆ ಹೀಗೆ. ತನ್ನನ್ನು ಮತ್ತೆ ಗೂಡಿಗೆ ಕಳಿಸುವ ಪತ್ರವನ್ನು ತಾನೇ ನಿಮಿಷಕ್ಕೆ ಅರವತ್ತು ಪದದ ವೇಗದಲ್ಲಿ ಹೊಡೆಯುತ್ತಿದ್ದಳು. ಕಡೆಯ ಸಾಲು ಬಂತು.

"ಈ ಮಾಡ್ಯೂಲು ಅಗತ್ಯ ಸ್ಟ್ಯಾಂಡರ್ಡುಗಳನ್ನು ಬೆಂಬಲಿಸುವುದಿಲ್ಲವಾದ ಕಾರಣ..."

ಟಕಟಕ ನಿಂತಿತು.

"ಯಾಕ್ರಿ ಬಾಯಾರ, ರಿಬ್ಬನ್ ಮುಗೀತೇನು?"

"ಇಲ್ರಿ ಸರ್. ಈ ಸಾಲು ತಪ್ಪೈತಿ."

"ಸ್ಪೆಲಿಂಗ್ ನಾ ನೋಡ್ಕೋತೀನಿ, ನೀವು ಹೊಡೀರಿ."

"ಸ್ಪೆಲಿಂಗ್ ಬರೋಬ್ಬರಿ ಐತ್ರಿ. ಸಾಲ ಸುಳ್ಳೈತಿ." ಅವಳು ಎದ್ದು ನಿಂತಳು. "ಮಾಡ್ಯೂಲು ಎಲ್ಲಾ ಸ್ಟ್ಯಾಂಡರ್ಡ್ ಮಾಡತೈತಿ. ಮಾಡತೈತಿ ಅಂತ ನಾ ಸಹಿ ಮಾಡೇನಿ. ಮಾಡಂಗಿಲ್ಲ ಅಂತ ಹೆಂಗ ಟೈಪ್ ಮಾಡ್ಲಿ? ಒಂದ ಕೈಲೆ ಎರಡು ಹೆಂಗ ಬರೀಲ್ರಿ?"

ಗೌಸಮೊದ್ದೀನ ಸಾಹೇಬರು ಈಗ ಅವಳನ್ನು ನೋಡಿದರು. "ಎಷ್ಟು ಹೊತ್ತು ಬೇಕು?"

"ಬೆನ್ನು ನೋಡಿ ಬರೂವಷ್ಟು."

ಸೆರಗು ಸಿಕ್ಕಿಸಿ, ಬ್ಯಾಟರಿ ಹಿಡಿದು, ಒಂದು ಭುಜ ಮುಂದೆ ಮಾಡಿ ಕಪಾಟಿನ ಹಿಂದೆ ತೂರಿದಳು. ತೂರಿದವಳು ಹಾಗೇ ನಿಂತಳು.

ಹೊಸ ಮಾಡ್ಯೂಲಿನ ಹಣೆಗೆ ಅರಿಸಿನ, ಕುಂಕುಮ. ಅದರಲ್ಲಿ ಆರು ತೂತು. ನಾಲ್ಕಕ್ಕೆ ತಂತಿ ಮೊದಲೇ ಇತ್ತು. ಖಾಲಿ ಇರಬೇಕಾದ ಎರಡಕ್ಕೆ, ಮೂಲೆಯ ಮೊಳೆಗೆ ತೂಗಿದ್ದ ಹೆಚ್ಚುವರಿ ಹಳದಿ ತಂತಿಯನ್ನು ಯಾರೋ ಸಿಕ್ಕಿಸಿದ್ದರು. ಒಂದು ತುದಿ ಐದನೇ ತೂತಿಗೆ, ಇನ್ನೊಂದು ತುದಿ ಆರನೇ ತೂತಿಗೆ. ನಡುವೆ ಜೋತುಬಿದ್ದ ತಂತಿಗೆ ಒಂದು ಚೆಂಡುಹೂವು ಕಟ್ಟಿತ್ತು. ಆರೂ ದೀಪಗಳು ಒಟ್ಟಿಗೆ, ಒಂದೇ ತಾಳಕ್ಕೆ, ಮೈಮೇಲೆ ಬಂದವರಂತೆ ಹೊಡೆದುಕೊಳ್ಳುತ್ತಿದ್ದವು. ಒಂದು ತೂತಿನಿಂದ ಹೊರಟ ಮಾತು ಇನ್ನೊಂದರಿಂದ ಒಳಗೆ ಬಂದು, ಮತ್ತೆ ಹೊರಟು, ಮತ್ತೆ ಬಂದು, ಸುತ್ತಿ ಸುತ್ತಿ ಸಾವಿರವಾಗಿ, ಬೇರೆ ಯಾರ ಮಾತಿಗೂ ಜಾಗವೇ ಉಳಿದಿರಲಿಲ್ಲ.

"ಮಾವಶಿ!"

ಶೇವಂತೆವ್ವ ಚಹಾದ ತಟ್ಟೆಯೊಂದಿಗೆ ಬಾಗಿಲಲ್ಲೇ ಇದ್ದಳು. "ಏನ್ ಯವ್ವಾ?"

"ಈ ತಂತಿ ನೀ ಹಾಕಿದೇನು?"

"ಹೂಂ ಮತ್ತ." ಅವಳ ದನಿಯಲ್ಲಿ ಹೆಮ್ಮೆ. "ಹೊಸಾದು ಮನಿಗೆ ಬಂದೈತಿ, ಮೊದಲ್ನೇ ಹಬ್ಬ. ಖಾಲಿ ಉಡೀಲೆ ಹೆಂಗ ಬಿಡ್ಲಿ? ಉಡಿ ತುಂಬೂಣು ಅಂದ್ರ ಅಕ್ಕಿ ಬ್ಯಾಡ ಅಂದಿ, ಕೊಬ್ಬರಿ ಹಿಡಿಸಂಗಿಲ್ಲ. ತಂತಿ ಒಂದ ಹೋಗೂದು ಅಂತ ನೀನ ಹೇಳಿದ್ದಿ. ತಂತೀಲೆ ತುಂಬಿದೆ. ನೋಡ, ಹೆಂಗ ಕುಣ್ಯಾಕತ್ತಾಳ!"

ಕಪಾಟಿನ ಹಿಂದೆ, ಜೇಡರ ಬಲೆಯ ನಡುವೆ, ದ್ರಾಕ್ಷಾಯಿಣಿಗೆ ನಗು ತಡೆಯಲಾಗಲಿಲ್ಲ. ಮಾವಶಿ ಪ್ರತಿ ಮಾತನ್ನೂ ಅಕ್ಷರಶಃ ಪಾಲಿಸಿದ್ದಳು. ಟೈಪಿಂಗ್ ಕ್ಲಾಸಿನಲ್ಲಿ ಇದ್ದಿದ್ದರೆ ಬಡೇಸಾಬ ಮಾಸ್ತರರು ಮೊದಲ ನಂಬರು ಕೊಡುತ್ತಿದ್ದರು.

ತಂತಿಯ ಒಂದು ತುದಿಯನ್ನು ಎಳೆದಳು. ದೀಪಗಳು ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ಬೇರೆ ಬೇರೆಯಾಗಿ, ಸಭ್ಯರಂತೆ ಮಿನುಗತೊಡಗಿದವು. ಲೆಕ್ಕ ವಿಭಾಗದಿಂದ "ಬಂತು, ಬಂತು!" ಎಂಬ ಕೂಗು ಕೇಳಿತು. ಗೇಟಿನ ಪ್ರಿಂಟರು ಬೆಳಗಿನಿಂದ ನುಂಗಿಕೊಂಡಿದ್ದ ಗೇಟ್ ಪಾಸನ್ನು ಕಕ್ಕಿತು. ಲಾರಿ ಹಾರ್ನ್ ಹೊಡೆದು ಹೊರಟಾಗ ಮಧ್ಯಾಹ್ನದ ಒಂದು ಗಂಟೆ ಕೂಡ ಆಗಿರಲಿಲ್ಲ.

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಶಶಿಕುಮಾರ ಇನ್ನೂ ಮುಗಿದಿರಲಿಲ್ಲ.

"ನೋಡ್ರಿ ಸಾಹೇಬ್ರ," ಎಂದ ಸಾಹೇಬರ ಕೋಣೆಗೆ ಮರಳಿ, "ಕಸಾ ಹೊಡಿಯೋ ಮಾವಶಿ ಒಂದು ತಂತಿ ಹಾಕಿದ್ರ ಇಡೀ ಫ್ಯಾಕ್ಟರಿ ಬಿದ್ದು ಹೋಗ್ತದ ಅಂದ್ರ ಅದೆಂಥಾ ಮಾಡ್ಯೂಲು? ಮಾವಶೀನ್ನ ಮೊದಲು ಕಂಪ್ಯೂಟರ್ ರೂಮಿಂದ ಹೊರಗ ಹಾಕ್ರಿ. ಆಮ್ಯಾಲೆ ಮಾಡ್ಯೂಲು."

ದ್ರಾಕ್ಷಾಯಿಣಿ ನೋಟ್‌ಬುಕ್ಕನ್ನು ತೆರೆದು ಸಾಹೇಬರ ಮೇಜಿನ ಮೇಲೆ ಇಟ್ಟಳು.

"ಸಾಹೇಬ್ರ, ಇಂಥಾ ತಂತಿ ಯಾರರ ಒಬ್ಬರು ಒಂದಲ್ಲಾ ಒಂದು ದಿನ ಹಾಕೇ ಹಾಕ್ತಾರು ಅಂತ ಗೊತ್ತಿದ್ದ 802.1ಡಿ ಮಾಡ್ಯಾರ್ರಿ. ಅದು ಈ ಮಾಡ್ಯೂಲಿನ್ಯಾಗ ಐತಿ. ಕೂಡ್ರಿಸಿದ ದಿನ ಶಶಿಕುಮಾರ ಸರ್ ತಗದಾರ. ತಾರೀಖು ಬರದೇನಿ, ನೋಡ್ರಿ."

ಶಶಿಕುಮಾರ ಸಾಹೇಬರ ಕಡೆ ತಿರುಗಿದ. "ಅದು ಹಾಕಿದ್ರ ಪ್ರತೀ ಸಲ ಅರ್ಧಾ ನಿಮಿಷ ಕಾಯಬೇಕ್ರಿ! ಅದಕ್ಕ ತಗದೆ!"

"ಕಾಯೂದು ಬ್ಯಾಡ್ರಿ ಸರ್. ಕಡೀ ಹಾಳ್ಯಾಗ, ಕೆಳಗಿಂದ ಎರಡ್ನೇ ಸಾಲು. 802.1ಡಬ್ಲ್ಯೂ. ಅದರದ ತಂಗಿ. ಅದ ಕೆಲಸ, ಆದ್ರ ಲಗೂನ ಮಾಡತಾಳು. ಅದೂ ಐತಿ ನಮ್ಮ ಮಾಡ್ಯೂಲಿನ್ಯಾಗ."

ಗೌಸಮೊದ್ದೀನ ಸಾಹೇಬರು ಕನ್ನಡಕ ಹಾಕಿಕೊಂಡು ಆ ಸಾಲು ಓದಿದರು. "ಬಾಯಾರ, ಕಾಗದ ಸಾಕು. ಮಾಡಿ ತೋರಿಸ್ರಿ."

ಎಲ್ಲರೂ ಕಂಪ್ಯೂಟರ್ ಕೋಣೆಗೆ ಬಂದರು. ಸ್ಟೋರಿನವರು, ಲೆಕ್ಕದವರು ಬಾಗಿಲಲ್ಲಿ ಕತ್ತು ಚಾಚಿದರು. ದ್ರಾಕ್ಷಾಯಿಣಿ ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಮೇಲೆ ಕಣ್ಣು, ಕೀಬೋರ್ಡಿನ ಮೇಲೆ ಬೆರಳು, ಮೂರು ಸಾಲು ಹೊಡೆದಳು. ಮೂರನ್ನೂ ಮತ್ತೊಮ್ಮೆ ಕಡೆಯವರೆಗೆ ಓದಿದಳು. ಆಮೇಲೆ ತಿರುಗಿದಳು.

"ಮಾವಶಿ, ಬಾ. ಇನ್ನೊಮ್ಮೆ ಉಡಿ ತುಂಬು."

"ಬ್ಯಾಡ್ರಿ!" ಎಂದ ಶಶಿಕುಮಾರ. ಲೆಕ್ಕದವರೂ "ಬ್ಯಾಡ ಬ್ಯಾಡ" ಎಂದರು. ಶೇವಂತೆವ್ವ ಹಿಂದೆ ಸರಿದಳು. "ನನ್ನ ಕೈ ಸುಮಾರದ ಐತಿ ಯವ್ವಾ. ಬ್ಯಾರೆ ಯಾರರ ಹಾಕಲಿ."

"ನಿನ್ನ ಕೈಯ ಬೇಕು. ನೀ ಹಾಕಿದ್ದು ತಪ್ಪಲ್ಲ ಅಂತ ಎಲ್ಲಾರೂ ನೋಡ್ಲಿ."

ಶೇವಂತೆವ್ವ ಸೆರಗಿಗೆ ಕೈ ಒರೆಸಿಕೊಂಡಳು. ಕಪಾಟಿನ ಹಿಂದೆ ತೂರಿದಳು. ಒಂದು ತುದಿ ಐದಕ್ಕೆ. ಇನ್ನೊಂದು ತುದಿ ಆರಕ್ಕೆ. ಟಕ್ ಎಂದು ಕೇಳಿತು.

ಪರದೆಯ ಮೇಲೆ ಐದನೇ ಸಾಲು ಸುಮ್ಮನಿತ್ತು. ಆರನೇ ಸಾಲು ಬದಲಾಯಿತು: ಬಂದ್. ಬೇಲಿ ಬಿದ್ದಿತ್ತು.

"ಲೆಕ್ಕಾ ನಡದೈತೇನ್ರಿ?" ಸಾಹೇಬರು ಕೂಗಿ ಕೇಳಿದರು.

"ನಡದೈತ್ರಿ!"

"ಸ್ಟೋರು?"

"ನಡದೈತಿ ಸಾಹೇಬ್ರ!"

"ಗೇಟು?"

ಗೇಟಿನಿಂದ ಪ್ರಿಂಟರಿನ ಕಿರ್ರ್ ಎಂಬ ಸದ್ದೇ ಉತ್ತರ ಕೊಟ್ಟಿತು. ಬಾಗಿಲಲ್ಲಿದ್ದವರು ಚಪ್ಪಾಳೆ ಹೊಡೆದರು. ಕಪಾಟಿನ ಹಿಂದಿನಿಂದ ಶೇವಂತೆವ್ವ ಜೇಡರ ಬಲೆಯನ್ನೇ ಮುತ್ತಿನ ಸರದಂತೆ ಧರಿಸಿ ಹೊರಬಂದು, "ಕುಣಿಯವಲ್ಲಳಲ್ಲ ಈಗ?" ಎಂದು ತುಸು ನಿರಾಶೆಯಿಂದಲೇ ಕೇಳಿದಳು.

"ಮನಿಗೆ ಹೊಂದಿಕೊಂಡಾಳ ಮಾವಶಿ."

ಗೌಸಮೊದ್ದೀನ ಸಾಹೇಬರು ಟೈಪ್‌ರೈಟರಿನಲ್ಲಿ ಅರ್ಧಕ್ಕೆ ನಿಂತಿದ್ದ ಪತ್ರವನ್ನು ಎಳೆದು ತೆಗೆದು, ನಾಲ್ಕಾಗಿ ಮಡಚಿ, ಅಲ್ಲಾಡುತ್ತಿದ್ದ ತಮ್ಮ ಮೇಜಿನ ಕಾಲಿಗೆ ಒತ್ತು ಕೊಟ್ಟರು. "ಈಗ ಇನ್ನೊಂದು ಪತ್ರ ಟೈಪ್ ಮಾಡ್ರಿ ಬಾಯಾರ. ಇದನ್ನ ನಾ ಹೇಳ್ತೀನಿ. ಇವತ್ತಿಂದ ದ್ರಾಕ್ಷಾಯಿಣಿ ಬಾಯಾರು ಈ ಕಾರ್ಖಾನೆಯ ನೆಟ್‌ವರ್ಕಿನ ಮುಖ್ಯಸ್ಥರು. ಅವರನ್ನ ಕೇಳದ ಹೆಡ್ ಆಫೀಸಿನವರೂ ಏನೂ ತಗೀಬಾರದು, ಏನೂ ಹಾಕಬಾರದು."

ಅವಳು ಹೊಡೆದಳು. ಕಡೆಯ ಸಾಲನ್ನು ಓದಿದಳು. ತಪ್ಪಿರಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ, ತಪ್ಪಿಲ್ಲದ ಸಾಲನ್ನು ಮೂರು ಸಲ ಓದಿದಳು.

ಮರುವರ್ಷದ ಖಂಡೇನವಮಿಗೆ ಆ ಹಳದಿ ತಂತಿಗೆ ವಿಧಿಪೂರ್ವಕ ಪೂಜೆಯಾಯಿತು. ಶೇವಂತೆವ್ವ ಎರಡೂ ತುದಿ ಸಿಕ್ಕಿಸುವುದು, ದ್ರಾಕ್ಷಾಯಿಣಿ ಪರದೆ ನೋಡಿ "ಬಂದ್" ಎನ್ನುವುದು, ಎಲ್ಲರೂ ಚಪ್ಪಾಳೆ ಹೊಡೆದು ಚುರುಮುರಿ ತಿನ್ನುವುದು. ಯಾವ ಕಂಪನಿಯ ಪುಸ್ತಕದಲ್ಲೂ ಬರೆಯದ ಪರೀಕ್ಷೆ ಅದು. ವರ್ಷಕ್ಕೊಮ್ಮೆ ತಪ್ಪದೆ ನಡೆಯುತ್ತಿತ್ತು. ಅಪ್ಪ ಹೊಳೆಯಪ್ಪನೂ ಆ ಸಲ ನೋಡಲು ಬಂದಿದ್ದ. 802ನೇ ಸ್ಟ್ಯಾಂಡರ್ಡಿನಲ್ಲಿ ಮಗಳು ಪಾಸಾದಳೆಂದು ಊರಿನ ಬಸ್ಸಿನಲ್ಲಿ ಕಂಡಕ್ಟರನಿಗೂ ಹೇಳಿದ.

ದಶಮಿ ಕಳೆದು ಕಾರ್ಖಾನೆ ತೆರೆದ ಬೆಳಿಗ್ಗೆ ಹುಬ್ಬಳ್ಳಿಯಿಂದ ಫೋನು ಬಂತು. ಹೆಡ್ ಆಫೀಸಿನಲ್ಲಿ ಎಲ್ಲ ದೀಪ ಒಂದೇ ತಾಳಕ್ಕೆ ಕುಣಿಯುತ್ತಿದ್ದವಂತೆ.

"ಬಾಯಾರ," ಶಶಿಕುಮಾರನ ದನಿ ಸಣ್ಣಗಿತ್ತು, "ನಮ್ಮ ಆಫೀಸಿನ್ಯಾಗ ಕಸಾ ಹೊಡಿಯೋ ಉಡಚವ್ವಗ ನಿಮ್ಮ ಮಾವಶಿ ಏನರ ಹೇಳಿಕೊಟ್ಟಾರೇನ್ರಿ?"

"ಇಬ್ಬರೂ ಅಕ್ಕತಂಗೇರಂಗ ಇದ್ದಾರ್ರಿ ಸರ್. ಹೇಳಿರಬೇಕು."

"ಅದು... ಯಾವ ಹಾಳಿ ಅಂದ್ರಿ?"

"ಕಡೀ ಹಾಳ್ರಿ," ಎಂದಳು ದ್ರಾಕ್ಷಾಯಿಣಿ. "ಆದ್ರ ನೀವು ಮೊದಲ್ನೇ ಸಾಲಿಂದ ಸುರು ಮಾಡ್ರಿ."